ಗೃಹಪ್ರವೇಶಕ್ಕೆ ಬಂದ ಹಿಮಸಾರಂಗ

ಹೋದ ವರ್ಷ ಡಿಸೆಂಬರ್ ಮೊದಲ ವಾರ. ಮಿಷಿಗನ್‌ನ ವಿಕ್ಸಮ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದ ಪ್ರಸನ್ನ ಅಂಕಲ್‌ಗೆ ಧನುರ್ಮಾಸ ಹಿಡಿಯುವುದರೊಳಗೆ ಗೃಹಪ್ರವೇಶ ಮುಗಿಸುವ ಅವಸರ. ಪುರೋಹಿತರು ಸಿಕ್ಕರು, ಅಡುಗೆಯವರು ಸಿಕ್ಕರು, ಹಸು ಮಾತ್ರ ಸಿಗಲಿಲ್ಲ. ಆ ಚಳಿಯಲ್ಲಿ ಹಸು ಕಳಿಸಲು ಯಾವ ಫಾರ್ಮಿನವರೂ ಒಪ್ಪಲಿಲ್ಲ. ಡಿಸೆಂಬರ್‌ನಲ್ಲಿ ಇಲ್ಲಿ ಸುಲಭವಾಗಿ ಬಾಡಿಗೆಗೆ ಸಿಗುವ ಪ್ರಾಣಿ ಎಂದರೆ ಕ್ರಿಸ್‌ಮಸ್ ಫೋಟೊಗಳಿಗೆ ನಿಲ್ಲಿಸುವ ಹಿಮಸಾರಂಗ, ಅಂದರೆ ರೇನ್‌ಡೀರ್. ಅಂಕಲ್ ಅದನ್ನೇ ಬುಕ್ ಮಾಡಿದರು.

"ನಾಲ್ಕು ಕಾಲಿದೆ, ಕೊಂಬಿದೆ, ಮೆಲುಕು ಹಾಕುತ್ತೆ. ಶಾಸ್ತ್ರಕ್ಕೆ ಇನ್ನೇನಪ್ಪಾ ಬೇಕು?" ಎಂದು ನನ್ನನ್ನೇ ಕೇಳಿದರು.

ನನ್ನನ್ನು ಕೇಳಲು ಕಾರಣವಿತ್ತು. ಇದೇ ದೇಶದ ಅರೋರಾ ಎಂಬ ಊರಿನಲ್ಲಿ ಬೆಳೆದ ನಾನು ಈಗ ಡೆಟ್ರಾಯಿಟ್ ಹತ್ತಿರ ಹಿಮಸಾರಂಗದ ಹೊಟ್ಟೆಯ ಮೇಲೆ ರಿಸರ್ಚ್ ಮಾಡುತ್ತಿದ್ದೇನೆ. ಮೇಲೆ ಅಂದರೆ ಹತ್ತಿ ಕೂತಲ್ಲ. ಮೇವು ಬದಲಾದರೆ ಅದರ ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಏನಾಗುತ್ತದೆ ಎಂದು ಹಿಕ್ಕೆ ಕೆದಕಿ ನೋಡುವ ಘನ ಉದ್ಯೋಗ. ಆದರೆ ನಮ್ಮ ಜನಕ್ಕೆ ನಾನು ಗೊತ್ತಿರುವುದು ಮಿಮಿಕ್ರಿಯಿಂದ. ಅಂಕಲ್‌ಗಳ ಕೆಮ್ಮು, ಆಂಟಿಯರ ಫೋನ್ ಹಲೋ, ನನ್ನದೇ ಅಪಸ್ವರದ ಸಂಗೀತ, ಯಾವುದನ್ನೂ ಬಿಟ್ಟವನಲ್ಲ.

ಬಂದದ್ದು ನನಗೆ ಪರಿಚಯದ ಪ್ರಾಣಿಯೇ. ಹೆಸರು ಹೇಜಲ್. ನಮ್ಮ ಲ್ಯಾಬಿಗೆ ಸ್ಯಾಂಪಲ್ ಕೊಡುವ ಫಾರ್ಮಿನವಳು. ಈ ಸಲ ಗಬ್ಬವಾಗಿದ್ದಾಳೆ, ಯಾರೂ ಏನೂ ತಿನ್ನಿಸಬಾರದು ಎಂದು ಫಾರ್ಮಿನ ಒಡತಿ ಲಿಂಡಾ ಅಂಕಲ್‌ಗೂ ಹೇಳಿದರು, ನನಗೂ ಹೇಳಿದರು. ಅಂಕಲ್ ತಲೆಯಾಡಿಸಿದರು. ಆಮೇಲೆ, ಪ್ರಾಣಿ ತಂದ ಟ್ರೇಲರ್ ಅಕ್ಕಪಕ್ಕದವರ ದಾರಿಗೆ ಅಡ್ಡವಾಗಿದೆ, ಬಡಾವಣೆಯ ಹೊರಗೆ ನಿಲ್ಲಿಸಿ ಎಂದು ಆಕೆಯನ್ನು ಕಳಿಸಿಬಿಟ್ಟರು. ಮನೆ ಮುಂದಿನ ಡ್ರೈವ್‌ವೇಯಲ್ಲಿ ಹಾಕಿದ್ದ ತಾತ್ಕಾಲಿಕ ಬೇಲಿಯೊಳಗೆ ಹೇಜಲ್, ಪಕ್ಕದಲ್ಲಿ ಕಾವಲಿಗೆ ನಾನು.

ಪೂಜೆಯ ತಟ್ಟೆಯಲ್ಲಿ ಅಕ್ಕಿ ಬೆಲ್ಲ ಕಂಡಾಗಲೇ ಅಂಕಲ್‌ಗೆ ಹೇಳಿದೆ. ಕಲ್ಲುಹೂವು, ಒಣಹುಲ್ಲು ತಿಂದು ಬದುಕುವ ಹೊಟ್ಟೆ ಅದು. ಅಕ್ಕಿ ಬೆಲ್ಲ ಒಮ್ಮೆಲೇ ಬಿದ್ದರೆ ಒಳಗೆ ಹುಳಿಯೆದ್ದು, ರಕ್ತಕ್ಕೂ ಏರಿ, ಪ್ರಾಣಿ ನೆಲ ಹಿಡಿಯುತ್ತದೆ ಎಂದೆ. ಅಂಕಲ್ ಹೃದಯದ ಡಾಕ್ಟರು.

"ನಾನೂ ಡಾಕ್ಟರೇ ಕಣೋ. ಒಂದು ಹಿಡಿ ಅಕ್ಕಿ ಬೆಲ್ಲಕ್ಕೆ ಯಾರೂ ಸಾಯಲ್ಲ," ಎಂದು ಹೋಮಕ್ಕೆ ಒಳಗೆ ಹೋದರು.

ಒಂದು ಹಿಡಿಯಾಗಿದ್ದರೆ ಸರಿ. ಅಲ್ಲಿ ಎಲ್ಲರಿಗೂ ಒಂದೊಂದು ಕೈಯಿತ್ತಲ್ಲ! ಮೊದಲು ಬಂದವರು ಹುಬ್ಬಳ್ಳಿಯ ವತ್ಸಲಾ ಆಂಟಿ. ಹೇಜಲ್ ಹಣೆಗೆ ಕುಂಕುಮ ಹಚ್ಚಿ, ತಟ್ಟೆಯನ್ನೇ ಬಾಯಿಗೆ ಹಿಡಿದರು. "ಮೂಕ ಪ್ರಾಣಿ, ಬಸುರಿ ಬ್ಯಾರೆ. ತಿನ್ಲಿ ಬಿಡೋ ಚಿನ್ನು," ಎಂದರು. ಹಿಂದೆ ಬಾಳೆಹಣ್ಣು ಹಿಡಿದ ಸಾಲು. ನಾನು ಅಡ್ಡ ನಿಂತರೆ ಪಕ್ಕದಿಂದ ಕೈ, ಪಕ್ಕಕ್ಕೆ ಹೋದರೆ ಮೇಲಿನಿಂದ ಕೈ. ಕೊನೆಗೆ ಕಿರುಚಿದೆ. ನಿಲ್ಲಿಸಿ, ಇವಳು ಸತ್ತುಹೋಗುತ್ತಾಳೆ ಎಂದೆ.

ಎಲ್ಲರೂ ನಕ್ಕರು.

"ಇದು ಯಾರ ವಾಯ್ಸೋ? ಭಾಳ ಛಂದ ಮಾಡ್ತಿ," ಎಂದರು ವತ್ಸಲಾ ಆಂಟಿ.

ಅದು ನನ್ನ ಧ್ವನಿ. ಸಿಟ್ಟು ಬಂದಾಗಿನ ನನ್ನ ಸ್ವಂತ ಧ್ವನಿ. ಇನ್ನೊಮ್ಮೆ ಕಿರುಚಿದೆ, ಗಂಟಲು ಒಡೆಯಿತು. ಯಾರೋ ಫೋನ್ ತೆಗೆದು ರೆಕಾರ್ಡ್ ಮಾಡತೊಡಗಿದರು.

ಆಗ ಗರಾಜಿನೊಳಗೆ ಓಡಿ, ಬಾಗಿಲ ಮರೆಯಲ್ಲಿ ನಿಂತು, ಪ್ರಸನ್ನ ಅಂಕಲ್ ಧ್ವನಿ ತೆಗೆದೆ. "ಪೂರ್ಣಾಹುತಿ ಆಗ್ತಿದೆ, ಎಲ್ರೂ ಒಳಗೆ ಬನ್ನಿ. ಆಮೇಲೆ ಪ್ರಸಾದ ಸಿಗ್ಲಿಲ್ಲ ಅನ್ಬೇಡಿ."

ಅರೆಗಳಿಗೆಯಲ್ಲಿ ಡ್ರೈವ್‌ವೇ ಖಾಲಿ. ತಟ್ಟೆಯೂ ಖಾಲಿ.

ಲಿಂಡಾ ಬಂದವರೇ ಹೇಜಲ್ ಮೂತಿಗೆ ಮೆತ್ತಿದ್ದ ಬೆಲ್ಲ ನೋಡಿದರು. ನನ್ನನ್ನು ಬೈಯಲಿಲ್ಲ, ಪಶುವೈದ್ಯರಿಗೆ ಫೋನ್ ಮಾಡಿದರು. ಸಂಜೆಗೆ ಫಾರ್ಮಿನಲ್ಲಿ ಹೇಜಲ್ ಹಲ್ಲು ಕಡಿಯುತ್ತಾ ಮಲಗಿಬಿಟ್ಟಳು. ವೈದ್ಯರು ನಳಿಕೆ ಇಳಿಸಿ ಹೊಟ್ಟೆ ತೊಳೆದರು, ನಾನು ತಲೆ ಹಿಡಿದುಕೊಂಡಿದ್ದೆ. ಆ ನಡುವೆಯೇ ಅಂಕಲ್ ಫೋನ್. ನನ್ನ ತಮಾಷೆಯಿಂದ ಜನ ನುಗ್ಗಿ, ಪುರೋಹಿತರಿಗೆ ಮಂತ್ರ ತಪ್ಪಿತಂತೆ. ನಾನು ಕ್ಷಮೆ ಕೇಳಬೇಕಂತೆ. ಹೇಜಲ್ ಹೇಗಿದ್ದಾಳೆಂದು ಒಂದು ಮಾತಿಲ್ಲ. ನಾನು ಕ್ಷಮೆ ಕೇಳಲಿಲ್ಲ.

ಹೇಜಲ್ ಬದುಕಿದಳು. ಆದರೆ ಜನವರಿ ಕೊನೆಯಲ್ಲಿ ಲಿಂಡಾ ಫೋನ್ ಮಾಡಿ, ಅವಳ ಕೊಂಬುಗಳು ಉದುರಿದವು ಎಂದರು. ಹಿಮಸಾರಂಗಗಳಲ್ಲಿ ಹೆಣ್ಣಿಗೂ ಕೊಂಬಿರುತ್ತದೆ. ಗಬ್ಬವಾದದ್ದು ಸಾಮಾನ್ಯವಾಗಿ ಕರು ಹಾಕುವ ತನಕ ಅದನ್ನು ಉಳಿಸಿಕೊಳ್ಳುತ್ತದೆ; ಹಿಮ ಕೆದರಿ ತೆಗೆದ ಮೇವನ್ನು ಬೇರೆಯವು ಕಿತ್ತುಕೊಳ್ಳದಂತೆ ತಡೆಯಲು ಅದು ಬೇಕು. ನಡುಚಳಿಗಾಲದಲ್ಲೇ ಕೊಂಬು ಉದುರಿತು ಎಂದರೆ ಏನರ್ಥ ಎಂದು ನಮ್ಮಿಬ್ಬರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಆಮೇಲೆ ಸ್ಕ್ಯಾನ್ ಮಾಡಿದಾಗ ಕರು ಇರಲಿಲ್ಲ.

ಅಂಕಲ್‌ಗೆ ನಾನೇ ಫೋನ್ ಮಾಡಿ ಹೇಳಿದೆ. ನಿಟ್ಟುಸಿರು ಬಿಟ್ಟರು.

"ಛೆ, ಪಾಪ. ಚಳಿ ತಡೀಲಿಲ್ಲ ಅನ್ಸುತ್ತೆ ಕಣೋ. ಮಿಷಿಗನ್ ವಿಂಟರ್ ಅಂದ್ರೆ ಸುಮ್ನೇನಾ?"

ಹಿಮಸಾರಂಗಕ್ಕೆ ಚಳಿಯಂತೆ! ಆ ಮಾತನ್ನು ಅಂಕಲ್ ಧ್ವನಿಯಲ್ಲಿ, ಅದೇ ನಿಟ್ಟುಸಿರಿನ ಸಮೇತ, ಕಾರಿನಲ್ಲಿ ಒಬ್ಬನೇ ಎಷ್ಟೋ ಸಲ ಹೇಳಿ ನೋಡಿದ್ದೇನೆ. ಒಂದಿಷ್ಟೂ ತಪ್ಪದೆ ಬರುತ್ತದೆ. ನಗು ಮಾತ್ರ ಬರುವುದಿಲ್ಲ.