ಮೀನಮ್ಮನ ಗಾಳಿ ಮೋಟಾರು

ನೀರು ಶುದ್ಧೀಕರಣ ಘಟಕದಲ್ಲಿ ಎಲ್ಲರೂ ಅವಳನ್ನು ಮೀನಮ್ಮ ಎಂದೇ ಕರೆಯುತ್ತಿದ್ದರು. ನದಿಯಿಂದ ಬರುವ ನೀರಿನ ಒಂದು ಸಣ್ಣ ಧಾರೆ ಅವಳ ಕೋಣೆಯ ಗಾಜಿನ ತೊಟ್ಟಿಯ ಮೂಲಕ ಹಾದುಹೋಗುತ್ತಿತ್ತು. ಅದರಲ್ಲಿ ಬೆರಳುದ್ದದ ಮೀನುಗಳು. ನೀರು ಕೆಟ್ಟರೆ ಅವು ಉಸಿರಿಗಾಗಿ ಮೇಲೆ ಬಂದು ಬಾಯಿ ಬಾಯಿ ಬಿಡುತ್ತವೆ. ಆಗ ಊರಿಗೆ ಹೋಗುವ ನೀರನ್ನು ನಿಲ್ಲಿಸಬೇಕು. "ಈ ಆಫೀಸಲ್ಲಿ ಸುಮ್‌ಸುಮ್ನೆ ಬಾಯಿ ಬಿಡದೇ ಇರೋರು ಇವು ಮಾತ್ರ" ಎಂದು ಅವಳು ನಗುತ್ತಿದ್ದಳು.

ಮೀನುಗಳೆಂದರೆ ಅವಳಿಗೆ ಪ್ರಾಣ. ಈ ಬೇಸಿಗೆಯಲ್ಲಿ ಅವು ಬಳಲಿದಂತೆ ಕಂಡಾಗ ಕರುಳು ಚುರುಕ್ಕೆಂದು, ಗುಳ್ಳೆ ಬಿಡುವ ಗಾಳಿ ಮೋಟಾರೊಂದನ್ನು ತಂದು ತೊಟ್ಟಿಗೆ ಹಾಕಿದಳು. ಯಾರನ್ನಾದರೂ ಕೇಳಬಹುದಿತ್ತು. ಮಮತೆ ಉಕ್ಕಿದಾಗ ಯಾರು ಯಾರನ್ನು ಕೇಳುತ್ತಾರೆ? ಮೀನುಗಳಂತೂ ಗೆಲುವಾದವು.

ಅವತ್ತು ಬೆಳಿಗ್ಗೆ ಅದೇ ಊರಲ್ಲಿರುವ ಮಗಳ ಫೋನು. ಮಗುವಿಗೆ ಭೇದಿ ನಿಂತೇ ಇಲ್ಲವಂತೆ. "ಹಲ್ಲು ಬರೋ ಟೈಮು ಕಣೇ, ಹೆದರ್ಬೇಡ. ನೀರು ಕುಡಿಸ್ತಾ ಇರು" ಎಂದಿದ್ದಳು ಮೀನಮ್ಮ.

ಮಧ್ಯಾಹ್ನ ಕರೆಂಟು ಹೋಯಿತು. ದೊಡ್ಡ ಪಂಪುಗಳು ಜನರೇಟರಿನ ಮೇಲೆ ಓಡುತ್ತಲೇ ಇದ್ದವು, ತೊಟ್ಟಿಯ ಗುಳ್ಳೆ ಮಾತ್ರ ನಿಂತಿತು. ಅವಳು ಊಟದ ಡಬ್ಬಿ ತೆರೆದು ತಿರುಗಿ ನೋಡಿದರೆ, ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ. ಕೂಗಿ ಇಂಜಿನಿಯರನ್ನು ಕರೆದಳು.

ಇಂಜಿನಿಯರ್ ಓಡಿಬಂದ. "ಮೋಟಾರ್ ನಿಂತಿದ್ದಕ್ಕೆ ಇರ್ಬೇಕಮ್ಮಾ."

"ಮೋಟಾರ್ ತರೋ ಮುಂಚೆ, ಗಾಳಿ ಇಲ್ದೇ ಇದ್ದಾಗ್ಲೂ ಯಾವತ್ತೂ ಹಿಂಗೆ ಆಡಿರ್ಲಿಲ್ಲ ಸರ್."

ಅವನ ಮುಖ ಬಿಗಿಯಿತು. "ಹೊರಗಿನ ಡ್ರಮ್ಮಿಂದ ಒಂದು ಬಕೆಟ್ ಮಳೆನೀರು ತನ್ನಿ. ನೋಡೇಬಿಡೋಣ."

ಎರಡು ಮೀನುಗಳನ್ನು ಬಕೆಟ್ಟಿಗೆ ಬಿಟ್ಟರು. ಅಲ್ಲಿ ಗುಳ್ಳೆಯೂ ಇಲ್ಲ, ಮೋಟಾರೂ ಇಲ್ಲ. ಇಬ್ಬರೂ ಬಗ್ಗಿ ನೋಡಿದರು. ಸ್ವಲ್ಪ ಹೊತ್ತು ಮೇಲೆಯೇ ಒದ್ದಾಡಿದ ಮೀನುಗಳು ನಿಧಾನವಾಗಿ ತಳಕ್ಕಿಳಿದು ಬಾಲ ಆಡಿಸತೊಡಗಿದವು. ಇಂಜಿನಿಯರ್ ಊರಿನ ನೀರು ನಿಲ್ಲಿಸಲು ವಾಲ್ವಿನ ಕಡೆಗೆ ಓಡಿದ.

ಕೆಟ್ಟ ನೀರು ಬರುತ್ತಿದ್ದುದು ಇವತ್ತಿನಿಂದ ಅಲ್ಲ. ತಾನು ಹಾಕಿದ ಗಾಳಿಯೇ ಇಷ್ಟು ದಿನ ಮೀನುಗಳ ಬಾಯಿ ಮುಚ್ಚಿಸಿತ್ತು. ಅದು ಅರ್ಥವಾದದ್ದೇ ಅವಳಿಗೆ ಮಗು ನೆನಪಾಯಿತು. ಮಗಳ ನಂಬರು ಒತ್ತಿದಳು.

"ಮಗೂಗೆ ನಲ್ಲಿ ನೀರು ಕೊಡ್ಬೇಡ ಕಣೇ!"

"ಯಾಕಮ್ಮಾ? ನೀನು ಹೇಳ್ದೆ ಅಂತ ಬೆಳಿಗ್ಗೆಯಿಂದ ಅದನ್ನೇ ಕುಡಿಸ್ತಿದ್ದೀನಲ್ಲ... ಈಗ ಕಣ್ಣೇ ಬಿಡ್ತಿಲ್ಲ."

"ಆಸ್ಪತ್ರೆಗೆ ಎತ್ಕೊಂಡು ಓಡು. ನಾನು ಬಂದೆ."

ಅವಳು ಬಾಗಿಲು ದಾಟುವಷ್ಟರಲ್ಲಿ ಕರೆಂಟು ಬಂತು. ಹಿಂದೆ ಮೋಟಾರು ಗುಳುಗುಳು ಎಂದಿತು. ತೊಟ್ಟಿಯ ಮೀನುಗಳು ಒಂದೊಂದಾಗಿ ಕೆಳಗಿಳಿದು, ಏನೂ ಆಗಿಲ್ಲವೆಂಬಂತೆ ಈಜತೊಡಗಿದವು.