ನಿಲ್ಲದವರ ಜೊತೆ ನಡೆಯುವ ನೀಲಗಂಗಮ್ಮ

ಕೆಂಗೇರಿ ದಾಟಿದ ಮೇಲೆ ಮೈಸೂರು ರಸ್ತೆಯಿಂದ ಒಳಕ್ಕೆ ಹೊರಳುವ ಒಂದು ದಾರಿಯಿದೆ. ಬೀದಿದೀಪ ಇನ್ನೂ ಆರಿಲ್ಲ. ತಿರುವಿನಲ್ಲಿ ನೀಲಗಂಗಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಾಯುತ್ತಿದ್ದಾರೆ. ದಾರಿಯ ಆ ತುದಿಯಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟು. ತಾವರೆಕೆರೆ ಕಡೆಯ ಮೊದಲ ಟೆಂಪೊ ಬಂದು ನಿಲ್ಲುತ್ತದೆ. ಇಸ್ತ್ರಿ ವಿಭಾಗದ ಹೆಂಗಸರು ಇಳಿಯುತ್ತಾರೆ, ಇಳಿದವರೇ ಗೇಟಿನ ಕಡೆ ನಡೆಯತೊಡಗುತ್ತಾರೆ. ನೀಲಗಂಗಮ್ಮ ಅವರ ಹೆಜ್ಜೆಗೆ ಹೆಜ್ಜೆ ಸೇರಿಸುತ್ತಾರೆ.

"ಏನಮ್ಮಾ, ಇವತ್ತು ಡಬ್ಬಿಗೆ ಏನು?"

"ಚಿತ್ರಾನ್ನ ಆಂಟಿ."

"ಶನಿವಾರನೂ ಅದೇ ಅಂದೆ."

"ಶನಿವಾರ ಕಡ್ಲೇಬೀಜ ಇತ್ತು. ಇವತ್ತು ಅದೂ ಇಲ್ಲ."

"ತಿಂಗಳ ಕೊನೆ ಬಂದ್ರೆ ಕಡ್ಲೇಬೀಜನೇ ಮೊದ್ಲು ರಾಜೀನಾಮೆ ಕೊಡೋದು. ಇನ್ನು ನಾಲ್ಕು ದಿನಕ್ಕೆ ಯುಗಾದಿ. ಒಬ್ಬಟ್ಟಿಗೆ ಬೇಳೆ ಉಂಟೋ, ಅದೂ ರಾಜೀನಾಮೆನೋ?"

ಹೆಂಗಸರು ನಗುತ್ತಾರೆ. ಆ ನಗು ಮುಗಿಯುವುದರೊಳಗೆ ನೀಲಗಂಗಮ್ಮ ಕೇಳಬೇಕಾದ್ದನ್ನು ಕೇಳಿಬಿಡುತ್ತಾರೆ: ಒಂದು ದಿನಕ್ಕೆ ಎಷ್ಟು ಅಂಗಿಗೆ ಇಸ್ತ್ರಿ ಹಾಕ್ತೀರಿ, ಆ ಅಂಗಿ ಎಲ್ಲಿಗೆ ಹೋಗುತ್ತೆ, ಅದನ್ನ ಮುಟ್ಟಿದ ಕೈಗೆ ಬೇಳೆ ಯಾಕೆ ಸಿಗಲ್ಲ. ಅಷ್ಟರಲ್ಲಿ ಗೇಟು ಬರುತ್ತದೆ. ಅವರು ಒಳಗೆ ಹೋಗುತ್ತಾರೆ, ಇವರು ಹಿಂದಿರುಗಿ ಬಂದು ಮುಂದಿನ ಟೆಂಪೊದವರ ಜೊತೆ ಮತ್ತೆ ನಡೆಯುತ್ತಾರೆ. ಕಾರ್ಮಿಕ ಸಂಘದವರು ಗೇಟ್ ಮೀಟಿಂಗ್ ಎಂದು ಕರೆಯುವ ಭಾಷಣ ನೀಲಗಂಗಮ್ಮನ ಬಾಯಲ್ಲಿ ಹೀಗೆ ತುಂಡು ತುಂಡಾಗಿ, ದಾರಿ ಇರುವಷ್ಟೇ ಉದ್ದವಾಗಿ ನಡೆಯುತ್ತದೆ. ಬೆಳಗಿನ ಪಾಳಿಯ ಗಂಟೆ ಹೊಡೆಯುವ ಹೊತ್ತಿಗೆ ಅವರು ಈ ದಾರಿಯಲ್ಲಿ ಹದಿನೈದು ಸಲವಾದರೂ ಹೋಗಿ ಬಂದಿರುತ್ತಾರೆ.

ಗೇಟಿನ ಕಾವಲಿಗೆ ನಿಂತ ರುದ್ರೇಶ ವಿಜಾಪುರದ ಕಡೆಯವನು. "ಏನ್ರೀ ಅಕ್ಕಾರ, ಇಷ್ಟ್ ಅಡ್ಡಾಡಿದ್ರ ಇಷ್ಟೊತ್ತಿಗೆ ಶ್ರೀಶೈಲ ಮುಟ್ಟತಿದ್ರಿ" ಎನ್ನುತ್ತಾನೆ.

"ಮಲ್ಲಯ್ಯ ಸಂಬಳ ಜಾಸ್ತಿ ಮಾಡ್ತಾನಾ ಕೇಳು, ಅಲ್ಲಿಗೇ ಹೋಗ್ತೀನಿ."

ಅವನು ನಕ್ಕು ಮುಖ ಆ ಕಡೆ ತಿರುಗಿಸುತ್ತಾನೆ. ಯಾರು ನೀಲಗಂಗಮ್ಮನ ಜೊತೆ ನಿಂತು ಮಾತಾಡಿದರು ಎಂದು ಮೇಲಿನವರಿಗೆ ಹೇಳುವುದು ಅವನ ಕೆಲಸ. ನಡೆಯುತ್ತಾ ಮಾತಾಡಿದವರ ಬಗ್ಗೆ ಅವನಿಗೆ ಯಾವ ಆದೇಶವೂ ಇಲ್ಲ. ಅವನ ನೌಕರಿಯೂ ಈ ಹೆಂಗಸರ ನೌಕರಿಯೂ ಉಳಿದಿರುವುದು ಆ ಸಣ್ಣ ವ್ಯತ್ಯಾಸದಲ್ಲಿ. ಕೆಲವು ವರ್ಷಗಳ ಹಿಂದೆ ಐದಾರು ಹುಡುಗಿಯರು ಇವರ ಮಾತು ಕೇಳುತ್ತಾ ಗೇಟಿನ ಮುಂದೆ ನಿಂತುಬಿಟ್ಟಿದ್ದರು. ಅವರಲ್ಲಿ ಯಾರೂ ಮಾರನೆಯ ವಾರ ಈ ದಾರಿಯಲ್ಲಿ ಕಾಣಲಿಲ್ಲ. ಅಂದಿನಿಂದ ನೀಲಗಂಗಮ್ಮನದು ಒಂದೇ ಕಟ್ಟಳೆ. "ನಿಲ್ಬೇಡ್ರಮ್ಮಾ. ನಡೀತಾ ಕೇಳಿ" ಎಂದು ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುವುದೇ ಇದನ್ನು.

ಈ ಶನಿವಾರ ಅದೇ ಹೆಂಗಸರು ನಿಲ್ಲಬೇಕಾಗಿದೆ. ನಿಲ್ಲದಿದ್ದರೆ ನೀಲಗಂಗಮ್ಮ ಈ ಗೇಟನ್ನು ಬಿಡಬೇಕು.

ಮಾಗಡಿಯ ತಿಪ್ಪಸಂದ್ರದ ಕಡೆಯಿಂದ ಮದುವೆಯಾಗಿ ಗೋವಿಂದರಾಜನಗರದ ಬಾಡಿಗೆ ಮನೆಗೆ ಬಂದಾಗ ಅವರಿಗೆ ಕಾರ್ಖಾನೆಯೆಂದರೆ ಗಂಡ ಮರಿಯಪ್ಪನ ಅಂಗಿಗೆ ಹತ್ತಿದ ಎಣ್ಣೆಯ ಕಲೆ, ಅಷ್ಟೇ. ಮರಿಯಪ್ಪ ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟರ್ನರ್ ಆಗಿದ್ದವರು. ಆಗಿನ ಗೇಟ್ ಮೀಟಿಂಗುಗಳಲ್ಲಿ ಜನ ನಿಲ್ಲುತ್ತಿದ್ದರು. ಒಳಗೆ ಯಂತ್ರವೂ ನಿಲ್ಲುತ್ತಿತ್ತು. ಆ ಶೆಡ್ಡು ಮುಚ್ಚಿ ಬಹಳ ಕಾಲವಾಗಿದೆ. ಅಲ್ಲಿ ಈಗ ಕಾರು ಮಾರುತ್ತಾರೆ. ಮರಿಯಪ್ಪ ಚಂದ್ರಾ ಲೇಔಟಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲಿಗಿದ್ದಾರೆ. ಆ ಕಾಲದ ಮಾತು ತೆಗೆದರೆ ಅವರು ರೇಡಿಯೊ ಸದ್ದು ಹೆಚ್ಚು ಮಾಡುತ್ತಾರೆ.

ನೀಲಗಂಗಮ್ಮ ಹನ್ನೊಂದು ವರ್ಷ ಇದೇ ಗೇಟಿನ ಒಳಗೆ ಅಂಗಿಗಳಿಗೆ ಕಾಲರ್ ಕೂರಿಸಿದವರು. ಮಗುವಿಗೆ ಜ್ವರವೆಂದು ರಜೆ ಕೇಳಿದ ಜೊತೆಗಾತಿಯೊಬ್ಬಳನ್ನು ಮೇಲ್ವಿಚಾರಕ ಎಲ್ಲರೆದುರು ಬೈದಾಗ ಎದ್ದು ನಿಂತರು. ಅಂದು ಸಂಜೆಯೇ ಹೊರಗಾದರು. ಈಗ ಮನೆಯಲ್ಲೇ ಸೀರೆಗೆ ಫಾಲ್, ಪಿಕೋ ಹಾಕುತ್ತಾರೆ. ಬೆಳಿಗ್ಗೆ ಗೇಟು, ಮಧ್ಯಾಹ್ನ ಮಿಷಿನು. ಸಂಘ ಅವರಿಗೆ ಬಸ್ ಪಾಸು ಕೊಡಿಸುತ್ತದೆ. ಅದಕ್ಕಿಂತ ಹೆಚ್ಚು ಕೇಳಿದವರಲ್ಲ.

ಸಂಘದ ಹಿಂದೆ ಒಂದು ಎಡಪಕ್ಷವಿದೆ. ರಾಜಾಜಿನಗರದಲ್ಲಿ ಹಿಟ್ಟಿನ ಗಿರಣಿಯೊಂದರ ಮೇಲೆ ಅದರ ಕಚೇರಿ. ನೀಲಗಂಗಮ್ಮ ಅಲ್ಲಿಯ ಸ್ಥಳೀಯ ಸಮಿತಿಯ ಸದಸ್ಯೆ. ಕಳೆದ ವರ್ಷ ಆ ಕಚೇರಿಯಿಂದ ಕಟ್ಟುಗಟ್ಟಲೆ ಬಂದ ಕರಪತ್ರಗಳು ಅಮೆರಿಕದ ಜೊತೆಗಿನ ಅಣು ಒಪ್ಪಂದವನ್ನು ವಿರೋಧಿಸುವಂಥವು. ಅವನ್ನೂ ಈ ದಾರಿಯಲ್ಲಿ ನಡೆಯುತ್ತಲೇ ಹಂಚಿದರು. ಒಬ್ಬ ಹುಡುಗಿ, "ಇದು ಗ್ಯಾಸ್ ರೇಟಿಂದಾ ಆಂಟಿ?" ಎಂದು ಕೇಳಿದಳು. ಕರೆಂಟಿಗೆ ಸಂಬಂಧಪಟ್ಟದ್ದು ಎಂದರೆ, "ಕರೆಂಟ್ ಬಿಲ್ ನಮ್ಮ ಓನರ್ರೇ ಕಟ್ತಾರೆ" ಎಂದು ವಾಪಸು ಕೊಟ್ಟಳು.

"ಅದ್ರಲ್ಲಿ ಬರ್ದಿದ್ದು ಸುಳ್ಳಲ್ಲ ಸಾರ್, ದೇಶದ ವಿಷಯ" ಎಂದು, ಇದನ್ನು ಬರೆಯಲು ಬಂದ ನನಗೆ ಹೇಳುತ್ತಾರೆ ನೀಲಗಂಗಮ್ಮ. "ಆದ್ರೆ ಯಾರದೋ ಮನೆ ಮದ್ವೆ ಪತ್ರ ನಾನು ಹಂಚ್ದಂಗಿತ್ತು."

ಮುಂದಿನ ತಿಂಗಳು ಲೋಕಸಭೆ ಚುನಾವಣೆ. ಅದರ ಕರಪತ್ರ ಹೇಗಿರಬೇಕೆಂದು ತೀರ್ಮಾನಿಸಲು ಭಾನುವಾರ ಸಮಿತಿ ಸೇರಿತ್ತು. ಗಾರ್ಮೆಂಟ್ಸ್ ಹೆಂಗಸರ ಸಂಬಳ ದುಪ್ಪಟ್ಟಾಗಬೇಕು, ಸರ್ಕಾರವೇ ಹಾಗೆಂದು ಆದೇಶ ಮಾಡಬೇಕು, ಅದೇ ನಮ್ಮ ಮೊದಲ ಸಾಲಾಗಲಿ ಎಂದರು ನೀಲಗಂಗಮ್ಮ. ಕಾರ್ಯದರ್ಶಿ ಮಹೇಶ್ ಕಾಲೇಜಿನ ಕೆಲಸ ಬಿಟ್ಟು ಪಕ್ಷಕ್ಕೆ ಬಂದವರು. ಲಾಠಿ ಏಟು ತಿಂದ ಎಡಗೈಯನ್ನು ಈಗಲೂ ಪೂರ್ತಿ ಎತ್ತಲಾರರು. ಅವರು ಹೇಳಿದರು.

"ಕಾಮ್ರೇಡ್, ಅಮೆರಿಕದಲ್ಲಿ ಅಂಗಿ ಕೊಳ್ಳೋರೇ ಇಲ್ಲ ಈಗ. ಆರ್ಡರ್ ಕಮ್ಮಿಯಾಗಿ ನಿಮ್ಮ ಗೇಟಲ್ಲೇ ಎರಡು ಹೊಲಿಗೆ ಲೈನ್ ನಿಲ್ಸಿದಾರೆ. ನಾವು ದುಪ್ಪಟ್ಟು ಅಂದ್ರೆ ಮಾಲೀಕರು ಬಾಂಗ್ಲಾದೇಶಕ್ಕೆ ಹೋಗ್ತೀವಿ ಅಂತಾರೆ. ಆಗ ನಮ್ಮನ್ನ ಬೈಯೋರು ಮಾಲೀಕರಲ್ಲ, ಆ ಹೆಣ್ಮಕ್ಕಳೇ. ಅಲ್ದೆ ಈ ಚುನಾವಣೆ ನಡೀತಿರೋದು ಧರ್ಮದ ಮೇಲೆ. ನಾಲ್ಕು ಥರದ ಜನಾನ ಜೊತೆಗೆ ಕರ್ಕೊಂಡ್ ಹೋಗ್ಬೇಕು."

"ಸಂಬಳದ ಮಾತು ಬಿಟ್ಟು ಅವ್ರ ಮನೆಗೆ ಏನಂತ ಹೋಗ್ಲಿ?"

ಮೂಲೆಯಲ್ಲಿದ್ದ ನಿವೃತ್ತ ಫಿಟ್ಟರ್ ಚಿಕ್ಕಮುನಿಯಪ್ಪ ಆಗ ಬಾಯಿ ಬಿಟ್ಟರು. "ಮಹೇಶಾ, ಆಯುಧ ಪೂಜೆಗೆ ಮಾಲೀಕ ಕುಕ್ಕರ್ ಕೊಟ್ಟಾಗ, ಹೋರಾಟಕ್ಕೆ ಸಂದ ಜಯ ಅಂತ ಬರ್ದಿದ್ದು ಯಾರಪ್ಪಾ?"

"ನಾನೇ."

"ಸಂಬಳ ಕೇಳೋಕ್ ಹೋಗಿ ಕುಕ್ಕರ್ ಈಸ್ಕೊಂಡ್ವಿ. ಆಮೇಲಿಂದ ಕುಕ್ಕರನ್ನೇ ಕೇಳೋದು ಕಲಿತ್ವಿ. ಇನ್ಮೇಲೆ ವಿಷಲ್ ಒಂದೇ ಕೊಡ್ತಾರೆ ನೋಡ್ತಿರು."

ಎಲ್ಲರೂ ನಕ್ಕರು. ಮಹೇಶರೂ ನಕ್ಕರು. ಕೊನೆಗೆ ಮಹೇಶ್ ಒಂದು ದಾರಿ ಸೂಚಿಸಿದರು. ಶನಿವಾರ ತಾವೇ ಬಂದು ನೋಡುತ್ತಾರೆ. ಇಪ್ಪತ್ತು ಜನ ಗೇಟಿನ ಮುಂದೆ ಐದು ನಿಮಿಷ ನಿಂತು ಕೇಳಿದರೆ ಸಾಕು, ಆ ಬೇಡಿಕೆ ಕರಪತ್ರದ ಮೊದಲ ಸಾಲಾಗುತ್ತದೆ, ಅಭ್ಯರ್ಥಿ ಅದನ್ನೇ ಹಿಡಿದು ಮಾತಾಡುತ್ತಾರೆ. ನಿಲ್ಲದಿದ್ದರೆ, ಹೆಂಗಸರಿಗೇ ಇನ್ನೂ ಧೈರ್ಯವಿಲ್ಲ ಎಂದಾಯಿತು. ನೀಲಗಂಗಮ್ಮ ಗೇಟು ಬಿಟ್ಟು ವಿಜಯನಗರದಲ್ಲಿ ಮನೆಮನೆ ಪ್ರಚಾರಕ್ಕೆ ಬರಬೇಕು.

ನೀಲಗಂಗಮ್ಮ ಒಪ್ಪಿದರು. ಇಷ್ಟು ವರ್ಷ ನಿಲ್ಲಬೇಡಿ ಎಂದು ಕಲಿಸಿದವಳು ತಾನೇ ಎಂದು ಹೊಳೆದದ್ದು ಬಸ್ಸು ಹತ್ತಿದ ಮೇಲೆ. ಹೊಳೆಯದೇ ಉಳಿದದ್ದು ಇನ್ನೊಂದಿತ್ತು. ಶುಕ್ರವಾರ ಯುಗಾದಿ. ಶನಿವಾರ ವರ್ಷತೊಡಕು. ಪಂಚಾಂಗ ನೋಡುವ ರೂಢಿ ಆ ಕೋಣೆಯಲ್ಲಿ ಯಾರಿಗೂ ಇಲ್ಲ.

ವಾರವಿಡೀ ಅವರು ಡಬ್ಬಿಯ ಮಾತಿನ ಕೊನೆಗೆ ಇನ್ನೊಂದು ಮಾತು ಸೇರಿಸುತ್ತಾರೆ. "ಶನಿವಾರ ಐದೇ ನಿಮಿಷ. ಎಲ್ರೂ ಒಟ್ಟಿಗೆ."

"ನಿಲ್ಬೇಡಿ ಅಂದಿದ್ದು ನೀವೇ ಅಲ್ವಾ ಆಂಟಿ?"

"ನಾನೇ. ಈಗ ನಿಲ್ಲಿ ಅಂತಿರೋದೂ ನಾನೇ."

"ಶನಿವಾರನಾ? ವರ್ಷತೊಡಕಿನ ದಿನಾನಾ?" ತಾವರೆಕೆರೆ ಕಡೆಯ ಪಾಪಮ್ಮ ಕಣ್ಣರಳಿಸುತ್ತಾಳೆ. "ಅವತ್ತು ಏನಾಗುತ್ತೋ ವರ್ಷವೆಲ್ಲಾ ಅದೇ ಅಂತಾರೆ. ಅವತ್ತೇ ಬೈಸ್ಕೊಂಡು ಈಚೆ ಬಿದ್ರೆ? ಭಾನುವಾರ ಬಿಟ್ಟು ಸೋಮವಾರ ಇಟ್ಕೊಳ್ಳಿ, ನಾನೇ ಮುಂದೆ ನಿಲ್ತೀನಿ."

ನೀಲಗಂಗಮ್ಮ ಕಚೇರಿಗೆ ಫೋನು ಮಾಡುತ್ತಾರೆ. ಕರಪತ್ರ ಶನಿವಾರ ಮಧ್ಯಾಹ್ನವೇ ಅಚ್ಚಿಗೆ ಹೋಗಬೇಕಂತೆ. ಹಬ್ಬದ ಮಾರನೆಯ ದಿನ ತಡವಾಗಿ ಬಂದವರಿಗೆ ಹಬ್ಬದ ರಜೆಯ ಸಂಬಳವೂ ಇಲ್ಲವೆಂದು ಗುರುವಾರ ಕಾರ್ಖಾನೆ ಬೇರೆ ಸಾರುತ್ತದೆ.

ನಿಲ್ಲುತ್ತೇನೆಂದು ಹೇಳಿದವಳು ಬಾಗಲಕೋಟೆ ಕಡೆಯ ಸುವರ್ಣಾ ಒಬ್ಬಳೇ. "ನಮ್ ಕಡೆ ಈ ವರ್ಷತೊಡಕು ಗಿರ್ಷತೊಡಕು ಏನೂ ಇಲ್ರೀ ಅಕ್ಕಾ. ನಾ ನಿಂತ್ರ ಉಳಿದಾವ್ರೂ ನಿಲ್ತಾರ."

ಶನಿವಾರ ಬೆಳಿಗ್ಗೆ ಟೆಂಪೊಗಳಲ್ಲಿ ಅರ್ಧದಷ್ಟೇ ಜನ. ಬಂದವರ ತಲೆಯಲ್ಲಿ ಹಬ್ಬದ ಮಲ್ಲಿಗೆ ಬಾಡಿದೆ. ಮನೆಯಲ್ಲಿ ಮಾಂಸದ ಸಾರು ಕುದಿಯುವ ದಿನ ಮಿಷಿನಿನ ಮುಂದೆ ಕೂರಬೇಕಾದ ಬೇಸರ ಎಲ್ಲರ ಮುಖದಲ್ಲಿದೆ. ಮಹೇಶ್ ಎದುರಿನ ಟೀ ಅಂಗಡಿಯಲ್ಲಿ ಲೋಟ ಹಿಡಿದು ಕೂತಿದ್ದಾರೆ. ಗೇಟಿನಲ್ಲಿ ರುದ್ರೇಶನ ಪಕ್ಕ ಇವತ್ತು ಇನ್ನೊಬ್ಬ ನಿಂತಿದ್ದಾನೆ, ಮೇಲಿನವರು ಕಳಿಸಿದ ಬಿಳಿ ಅಂಗಿಯವನು.

ನೀಲಗಂಗಮ್ಮ ಗೇಟಿನ ಮುಂದೆಯೇ ನಿಂತು ಮೊದಲ ಬಾರಿಗೆ ದನಿಯೆತ್ತಿ ಮಾತಾಡುತ್ತಾರೆ. ಸಂಬಳ ದುಪ್ಪಟ್ಟಾಗಬೇಕು ಎನ್ನುತ್ತಾರೆ. ಪಾಪಮ್ಮನ ಗುಂಪು ತಲೆ ತಗ್ಗಿಸಿ ಹಾದುಹೋಗುತ್ತದೆ. ಹೋಗುವಾಗ ಪಾಪಮ್ಮ ಅವರ ಕೈಯನ್ನು ಒಮ್ಮೆ ಮುಟ್ಟುತ್ತಾಳೆ. ಹಿಂದೆ ಬಂದವರೂ ಹಾದುಹೋಗುತ್ತಾರೆ. ಅವರ ನಡುವಿನಿಂದ ಸುವರ್ಣಾ ಬಂದು ನಿಲ್ಲುತ್ತಾಳೆ. ಡಬ್ಬಿಯ ಚೀಲವನ್ನು ಎದೆಗೆ ಒತ್ತಿಕೊಂಡು, ಬೇರೆಲ್ಲೂ ನೋಡದೆ, ನಿಲ್ಲುತ್ತಾಳೆ. ಜನ ಅವಳನ್ನು ಸುತ್ತಿ ಹೋಗುತ್ತಾರೆ. ಬಿಳಿ ಅಂಗಿಯವನು ರುದ್ರೇಶನ ಕಿವಿಯಲ್ಲಿ ಏನೋ ಕೇಳುತ್ತಾನೆ. ರುದ್ರೇಶ ಬಾಯಿ ಬಿಡುವುದಿಲ್ಲ, ನೆಲ ನೋಡುತ್ತಾನೆ.

ನೀಲಗಂಗಮ್ಮನ ಮಾತು ಅರ್ಧಕ್ಕೆ ಕಡಿಯುತ್ತದೆ. ಮುಂದೆ ಬಂದು ಸುವರ್ಣಾಳ ಭುಜ ಹಿಡಿದು ಗೇಟಿನ ಕಡೆಗೆ ನೂಕುತ್ತಾರೆ.

"ನಡಿ."

"ನಿಲ್ಲಂದಾವ್ರೂ ನೀವ, ನಡೀ ಅಂದಾವ್ರೂ ನೀವ."

"ನಡಿಯೇ, ಬೆಲ್ ಆಗುತ್ತೆ."

ಗೇಟು ಮುಚ್ಚಿದ ಮೇಲೆ ಮಹೇಶ್ ರಸ್ತೆ ದಾಟಿ ಬರುತ್ತಾರೆ. "ನಿಂತಿದ್ದೇ ಒಬ್ಳು ಕಾಮ್ರೇಡ್. ಅವಳನ್ನೂ ನೀವೇ ಕಳಿಸಿದ್ರಿ."

"ಒಬ್ಳೇ ನಿಂತ್ರೆ ಕಾಣ್ತಾಳೆ ಮಹೇಶ್. ಇಪ್ಪತ್ತು ಜನ ನಿಂತಿದ್ರೆ ಯಾರೂ ಕಾಣ್ತಿರ್ಲಿಲ್ಲ."

ಇಬ್ಬರೂ ಮೈಸೂರು ರಸ್ತೆಯವರೆಗೆ ಜೊತೆಯಾಗಿ ನಡೆದರು. ವರ್ಷತೊಡಕಿನ ವಿಷಯ ತಮಗೆ ಹೊಳೆಯಬೇಕಿತ್ತು ಎಂದು ಬಸ್ಸು ಬರುವಾಗ ಮಹೇಶ್ ಹೇಳಿದರು. ಕರಪತ್ರದಲ್ಲಿ ಸಂಬಳದ ಮಾತು ಒಂಬತ್ತನೆಯದಾಗಿ ಬಂತು, ದುಪ್ಪಟ್ಟು ಸಂಬಳ ಎಂಬುದು ನ್ಯಾಯಯುತ ಸಂಬಳ ಎಂದಾಗಿತ್ತು.

ಈಗ ಸಂಜೆಗಳಲ್ಲಿ ನೀಲಗಂಗಮ್ಮ ವಿಜಯನಗರದ ಮನೆಗಳ ಗೇಟು ತಟ್ಟಿ ಆ ಕರಪತ್ರ ಕೊಡುತ್ತಾರೆ. ಕೊಟ್ಟ ಮಾತು. ಕೆಲವರು ಕಿಟಕಿಯಿಂದಲೇ ಕೈ ಅಲ್ಲಾಡಿಸುತ್ತಾರೆ. ಬೆಳಿಗ್ಗೆ ಮಾತ್ರ ಯಾರಿಗೂ ಹೇಳದೆ ಅದೇ ತಿರುವಿಗೆ ಬರುತ್ತಾರೆ, ಪಕ್ಷದ ಕಾಗದವಿಲ್ಲದೆ. ಮಹೇಶರಿಗೆ ಗೊತ್ತಿದೆ. ಕೇಳುವುದಿಲ್ಲ. ಸುವರ್ಣಾ ದಾರಿಯ ಆ ಬದಿಯಲ್ಲಿ ಒಬ್ಬಳೇ ನಡೆದು ಹೋಗುತ್ತಾಳೆ, ಇವರ ಕಡೆ ತಿರುಗುವುದಿಲ್ಲ. ಹೊಸ ವರ್ಷದ ಮೊದಲ ಕೆಲಸ ತನ್ನನ್ನು ನಂಬಿ ನಿಂತವಳನ್ನು ನೂಕಿದ್ದಾಯಿತು ಎಂಬ ಮಾತನ್ನು ನೀಲಗಂಗಮ್ಮ ಒಮ್ಮೆ ಮಾತ್ರ ಆಡಿದರು. ಆಮೇಲೆ ಸೀರೆಯ ಅಂಚನ್ನು ಮಿಷಿನಿಗೆ ಕೊಟ್ಟರು.

ಈ ವಾರ ಇಸ್ತ್ರಿ ವಿಭಾಗಕ್ಕೆ ಎರಡು ಫ್ಯಾನು ಬಂದಿವೆ. ಅವು ಬೇಕೆಂದು ಬೇಸಿಗೆಯ ಮೊದಲಿಂದ ಮ್ಯಾನೇಜರಿಗೆ ಹೇಳಿಕಳಿಸುತ್ತಿದ್ದವರು ನೀಲಗಂಗಮ್ಮ. ಸುದ್ದಿ ತಿಳಿದು ಮಹೇಶ್ ಫೋನು ಮಾಡಿದರು, ಇದನ್ನು ಸಂಘದ ಗೆಲುವೆಂದು ಒಂದು ಚೀಟಿ ಅಚ್ಚು ಹಾಕಿಸಲೇ ಎಂದು. ನೀಲಗಂಗಮ್ಮ ಬೇಡವೆಂದರು.

"ಫ್ಯಾನು ಕೇಳೋಕೆ ನಾನೊಬ್ಳೇ ಸಾಕು ಸಾರ್" ಎನ್ನುತ್ತಾರೆ, ದಾರ ಕಚ್ಚಿ ತುಂಡರಿಸುತ್ತಾ. "ನನ್ ಕೈಲಿ ಆಗ್ದೇ ಇರೋದನ್ನ ಕೇಳೋಕಲ್ವಾ ಪಾರ್ಟಿ ಬೇಕಾಗಿರೋದು."