ಇನ್ನೂರು ಮನೆ ಉಂಡ ಕೋಚ್

ಹುಬ್ಬಳ್ಳಿ-ಧಾರವಾಡದ ಕನಿಷ್ಠ ಇನ್ನೂರು ಮನೆಗಳ ಸಾರಿನ ರುಚಿ ಭೀಮಪ್ಪ ಸರ್ ಅವರಿಗೆ ಗೊತ್ತಿತ್ತು. ಯಾರ ಮನೆಯಲ್ಲಿ ಉಪ್ಪು ಮುಂದು, ಯಾರ ಮನೆಯ ರೊಟ್ಟಿ ತೆಳು, ಯಾರ ಮನೆಯ ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಹೆಚ್ಚು, ಎಲ್ಲವೂ ನಾಲಿಗೆಯ ತುದಿಯಲ್ಲಿತ್ತು. ಹಾಗಂತ ಅವರು ಊಟಕ್ಕೆ ಬಾಯಿ ಬಿಡುವ ಮನುಷ್ಯರಲ್ಲ. ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಕೋಚ್. ತಂಡಕ್ಕೆ ಹೊಸ ಹುಡುಗ ಸೇರಿದನೆಂದರೆ ಅವನ ಮನೆಗೆ ಹೇಳದೆ ಕೇಳದೆ ಹೋಗಿ, ಅಂದು ಒಲೆಯ ಮೇಲೆ ಏನಿದೆಯೋ ಅದನ್ನೇ ಉಂಡು ಬರುವುದು ಅವರ ಪದ್ಧತಿ. ಅದಾಗುವವರೆಗೆ ಹುಡುಗ ಮೈದಾನದಲ್ಲಿ ಓಡಬಹುದು, ಪಂದ್ಯಕ್ಕೆ ಇಳಿಯುವಂತಿಲ್ಲ.

"ಅವನ ಹೊಟ್ಟ್ಯಾಗ ಏನ್ ಐತಿ ಅಂತ ಗೊತ್ತಿಲ್ಲದ ಓಡಲೇ ಮಗನ ಅಂತ ಹೆಂಗ ಹೇಳ್ಲಿರಿ, ಅಕ್ಕೋರ?" ಎನ್ನುತ್ತಿದ್ದರು.

ಅಕ್ಕೋರು ಎಂದರೆ ನಾನು. ಪಾಠ ಹೇಳುವುದು ಸಸ್ಯಶಾಸ್ತ್ರ. ಕ್ರೀಡಾ ಸಮಿತಿಗೆ ಸಂಚಾಲಕರು ಯಾರಾಗುತ್ತೀರಿ ಎಂದು ಪ್ರಿನ್ಸಿಪಾಲರು ಕೇಳಿದಾಗ ಉಳಿದವರೆಲ್ಲ ಕಿಟಕಿಯ ಆಚೆ ನೋಡಿದರು, ನಾನೊಬ್ಬಳು ಪೆದ್ದಿಯಂತೆ ಅವರ ಮುಖ ನೋಡಿದೆ. ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ನನಗೆ ಸರಿಯಾಗಿ ತಿಳಿಯದು. ಮೊದಲ ದಿನವೇ ಅದನ್ನು ಭೀಮಪ್ಪ ಸರ್ ಮುಂದೆ ಒಪ್ಪಿಕೊಂಡೆ. "ಬಾಲ್ ಯಾವ ಕಡೆ ಹೋಗಬೇಕು ಅಂತ ಗೊತ್ತೈತಲ್ರಿ, ಅಷ್ಟ ಸಾಕು. ನಮ್ಮ ಹುಡುಗ್ರಿಗೆ ಅದೂ ಗೊತ್ತಿಲ್ಲ" ಎಂದರು.

ಅವರು ಹಳೇ ಹುಬ್ಬಳ್ಳಿಯವರು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಚಿಕ್ಕಂದಿನಿಂದ ರೈಲ್ವೆ ಮೈದಾನಗಳಲ್ಲಿ ಆಡಿ ಆಡಿ ಕಲಿತದ್ದೇ ಅವರ ವಿದ್ಯೆ. ಕಾಲೇಜು ಅವರಿಗೆ ಕೊಡುತ್ತಿದ್ದುದಕ್ಕೆ ಗೌರವಧನ ಎಂದು ಹೆಸರು. ಹುಬ್ಬಳ್ಳಿಯ ಬಸ್ಸು-ಆಟೋಗಳಿಗೇ ಅದು ಮುಗಿದು ಹೋಗುತ್ತಿತ್ತು. ತಂಡವಾದರೂ ಪ್ರತಿ ವರ್ಷ ಸೆಮಿಫೈನಲ್‌ವರೆಗೆ ಹೋಗಿ, ನಮಸ್ಕಾರ ಹೇಳಿ ಬರುತ್ತಿತ್ತು. ಯಾರೂ ಅದನ್ನು ದೊಡ್ಡ ವಿಷಯ ಮಾಡುತ್ತಿರಲಿಲ್ಲ.

ಒಮ್ಮೆ ನನ್ನನ್ನೂ ಧಾರವಾಡದ ಹತ್ತಿರದ ಗರಗಕ್ಕೆ ಕರೆದುಕೊಂಡು ಹೋದರು. ಬಸು ಎಂಬ ಹುಡುಗನ ಮನೆ. ತಾಯಿ ನೂಲುವ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಆಕೆ ನನ್ನ ಹೆಸರು, ಊರು, ಮನೆತನ ವಿಚಾರಿಸಿ ಒಳಗೆ ಕರೆದಳು. ಸರ್ ಅವರ ಹೆಸರು, ಮನೆತನ ವಿಚಾರಿಸಿ ಹೊರಗಿನ ಕಟ್ಟೆಯ ಮೇಲೆ ತಟ್ಟೆ ತಂದಿಟ್ಟಳು. ನನಗೆ ಮೈಯೆಲ್ಲ ಉರಿದು ಹೋಯಿತು. ನಾನೂ ಹೊರಗೇ ಕೂತೆ. ಭೀಮಪ್ಪ ಸರ್ ಎರಡು ರೊಟ್ಟಿ, ಝುಣಕ ಸಾವಕಾಶವಾಗಿ ಉಂಡು, "ತಂಗಿ, ಝುಣಕ ಭಾಳ ಛಲೋ ಆಗೇತ್ವಾ" ಎಂದರು. ಬಸು ತಲೆ ಎತ್ತಲೇ ಇಲ್ಲ.

ಬಸ್ ನಿಲ್ದಾಣಕ್ಕೆ ಬರುವ ದಾರಿಯಲ್ಲಿ ನನ್ನ ಸಿಟ್ಟನ್ನೆಲ್ಲ ಕಾರಿಕೊಂಡೆ. ಅವರು ಕೇಳಿಸಿಕೊಂಡು ಹೇಳಿದರು: "ಸಿಟ್ಟು ನನಗೂ ಬರ್ತೈತ್ರಿ. ಅದನ್ನ ಹುಡುಗನ ಮ್ಯಾಲ ತೀರಿಸಿಕೊಂಡ್ರ ಏನ್ ಬಂತು? ಇವತ್ತ ಕಟ್ಟಿ ಮ್ಯಾಲ ನೀಡ್ಯಾರ. ಮತ್ತ ಬರ್ತೇನಿ. ಆಗೂ ಕಟ್ಟಿ ಮ್ಯಾಲ ನೀಡಿದ್ರ ಇನ್ನೊಮ್ಮೆ ಬರ್ತೇನಿ. ಅವ್ರಿಗೇ ನಾಚಿಕಿ ಬರೂತನ ಬರ್ತೇನಿ. ಈಗ ಅದ ಬಿಡ್ರಿ, ಆ ಹುಡುಗ ಮುಂಜಾನೆ ಮೊದಲನೇ ಬಸ್ಸಿಗೆ ಬರೀ ಚಹಾ ಕುಡದು ಬರ್ತಾನ. ಅದಕ್ಕ ಇಪ್ಪತ್ತ ಮಿನಿಟ್ ಆದ ಕೂಡ್ಲೆ ಕಾಲು ಸೋಲ್ತಾವ. ನಾವು ಅವನಿಗೆ ದಮ್ ಇಲ್ಲ ಅಂತಿದ್ವಿ."

ಮರುವಾರದಿಂದ ಇಡೀ ತಂಡದ ಅಭ್ಯಾಸ ಮುಂಜಾನೆಯಿಂದ ಸಂಜೆಗೆ ಬದಲಾಯಿತು. ಒಬ್ಬನಿಗಾಗಿ ಎಲ್ಲರ ವೇಳೆ ಬದಲಿಸುವುದೇ ಎಂದು ಪ್ರಿನ್ಸಿಪಾಲರು ಗೊಣಗಿದರು. ದುರ್ಗದಬೈಲಿನ ಮಾರುಕಟ್ಟೆಯಲ್ಲಿ ಅಪ್ಪನ ಜೊತೆ ಬೆಳಗಿನ ತರಕಾರಿ ಇಳಿಸುವ ಇಬ್ಬರು ಹುಡುಗರೂ ತಂಡದಲ್ಲಿದ್ದಾರೆ ಎಂಬುದು ಆಮೇಲೆ ನನಗೆ ಗೊತ್ತಾಯಿತು. ಗರಗದ ಆ ಮನೆಗೆ ಸರ್ ನಾಲ್ಕು ಸಲ ಹೋದರಂತೆ. ನಾಲ್ಕನೆಯ ಸಲ ಬಸುವಿನ ತಾಯಿ ನಡುಮನೆಯಲ್ಲಿ ಚಾಪೆ ಹಾಸಿದಳು.

ಹೀಗೆ ನಡೆದಿದ್ದ ತಂಡದ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಕಣ್ಣು ಬಿತ್ತು. ಟೈಲ್ಸ್ ವ್ಯಾಪಾರದಲ್ಲಿ ದೊಡ್ಡ ಕುಳ. ಕೇಳಿದಷ್ಟು ದುಡ್ಡು ಕೊಡಲು ಸಿದ್ಧರಿದ್ದರು: ಮೈದಾನಕ್ಕೆ ಹೊಸ ಹುಲ್ಲು, ಆಟಗಾರರಿಗೆ ಉಚಿತ ಹಾಸ್ಟೆಲ್, ಕೋಚ್‌ಗೆ ಪ್ರೊಫೆಸರರಿಗೂ ಇಲ್ಲದಂಥ ಸಂಬಳ. ಷರತ್ತು ಎರಡೇ. ಎರಡು ವರ್ಷದಲ್ಲಿ ಕಪ್ ಬರಬೇಕು, ಕೋಚ್ ಹುದ್ದೆಗೆ ಸಂದರ್ಶನ ಮಾಡಿ ಕೋಚಿಂಗ್ ಲೈಸೆನ್ಸ್ ಇದ್ದವರನ್ನು ತರಬೇಕು. ಇಷ್ಟು ವರ್ಷ ತಾವೇ ಮಾಡಿದ ಕೆಲಸಕ್ಕೆ ಭೀಮಪ್ಪ ಸರ್ ಅರ್ಜಿ ಹಾಕಬೇಕಾಗಿ ಬಂತು. ಹಾಕಿದರು.

ಆಯ್ಕೆ ಸಮಿತಿಯಲ್ಲಿ ಪ್ರಿನ್ಸಿಪಾಲರು, ಆಡಳಿತ ಮಂಡಳಿಯ ಒಬ್ಬ ನಿರ್ದೇಶಕರು, ಟೈಲ್ಸ್ ಸಾಹುಕಾರರು ಮತ್ತು ನಾನು ಇದ್ದೆವು. ಸರ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಹೊರಗಿನ ಬೆಂಚಿನಲ್ಲಿ ಒಂದು ತಾಸು ಕೂತಿದ್ದರು. ಒಳಗೆ ಐದು ನಿಮಿಷವೂ ಆಗಲಿಲ್ಲ. ವಯಸ್ಸೆಷ್ಟು? ಲೈಸೆನ್ಸ್ ಇದೆಯೇ? ಇಂಗ್ಲಿಷ್ ಬರುತ್ತದೆಯೇ? ಕಂಪ್ಯೂಟರ್? ಕೊನೆಗೆ ಸಾಹುಕಾರರು, "ಹುಡುಗರ ಡಯಟ್ ಬಗ್ಗೆ ಏನರೆ ಪ್ಲಾನ್ ಐತೇನ್ರಿ?" ಎಂದರು.

"ಎಲ್ಲಾರ ಮನ್ಯಾಗೂ ಉಂಡೇನ್ರಿ" ಎಂದರು ಸರ್.

ಸಾಹುಕಾರರು ನಕ್ಕರು. ನಿರ್ದೇಶಕರೂ ನಕ್ಕರು. ಆ ಉತ್ತರದ ಅರ್ಥ ಆ ಕೋಣೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಬಿಡಬಹುದಿತ್ತು. ನನ್ನ ಬಡ್ತಿಯ ಕಡತ ಅದೇ ನಿರ್ದೇಶಕರ ಮೇಜಿನ ಮೇಲೆ ಆರು ತಿಂಗಳಿನಿಂದ ಮಲಗಿತ್ತು. ನಾನು ಮುಂದಿದ್ದ ಹಾಳೆ ನೋಡುತ್ತ ಕೂತೆ. ಆಮೇಲೆ ಎಲ್ಲರ ಜೊತೆ ಸಹಿ ಮಾಡಿದೆ. ಬಡ್ತಿ ಬಂತು, ಅದನ್ನೂ ಹೇಳಿಬಿಡುತ್ತೇನೆ.

ಹೊಸ ಕೋಚ್ ಕೇರಳದ ಕಡೆಯ ತರುಣ, ವಿನೋದ್. ಅವನನ್ನು ಬೈಯಬೇಕೆಂದು ಎಷ್ಟು ಹುಡುಕಿದರೂ ಕಾರಣ ಸಿಗಲಿಲ್ಲ. ಕೆಲಸ ಬಲ್ಲವನು, ಮರ್ಯಾದಸ್ಥ. ಭೀಮಪ್ಪ ಸರ್ ಅವರನ್ನು ಕಾಲೇಜಿನವರು ಸಹಾಯಕರೆಂದು ಉಳಿಸಿಕೊಂಡಿದ್ದರು. ಚೆಂಡಿಗೆ ಗಾಳಿ ತುಂಬುವುದು, ಮೈದಾನಕ್ಕೆ ಸುಣ್ಣದ ಗೆರೆ ಹಾಕುವುದು ಅವರ ಪಾಲಿಗೆ ಬಂತು. ನಾನಾಗಿದ್ದರೆ ಮನೆಯಲ್ಲಿ ಕೂಡುತ್ತಿದ್ದೆ. ಅವರು ದಿನಾ ಬಂದು, ಕೈ ಬೆನ್ನ ಹಿಂದೆ ಕಟ್ಟಿಕೊಂಡು ವಿನೋದ್ ಪಾಠ ಹೇಳುವಾಗ ಹಿಂದೆ ನಿಂತು ಕೇಳುತ್ತಿದ್ದರು. "ಭಾಳ ಶಾಣ್ಯಾ ಅದಾನ್ರಿ. ನಾನು ಇಪ್ಪತ್ತ ವರ್ಷ ತಪ್ಪ ಕಲಿಸಿದ್ದ ಒಂದ್ ಸಂಗತಿ ಇವತ್ತ ಗೊತ್ತಾತು" ಎಂದು ಒಮ್ಮೆ ಖುಷಿಯಿಂದ ಹೇಳಿದರು.

ವಿನೋದ್ ಜೊತೆ ಹೊರರಾಜ್ಯಗಳಿಂದ ಹತ್ತು ಹನ್ನೆರಡು ಆಟಗಾರರು ಬಂದು ನಮ್ಮಲ್ಲಿ ಬಿ.ಎ.ಗೆ ಸೇರಿದರು. ಎರಡನೆಯ ವರ್ಷ ಕಪ್ ಬಂತು. ಸಾಹುಕಾರರು ಕಪ್ ಹಿಡಿದ ಫೋಟೊ ಪತ್ರಿಕೆಗಳಲ್ಲಿ ಬಂತು. ಆ ಹನ್ನೊಂದು ಜನರಲ್ಲಿ ನಮ್ಮ ಊರಿನವನು ಒಬ್ಬನೂ ಇರಲಿಲ್ಲ. ಬಸು ಎರಡೂ ವರ್ಷ ಬೆಂಚಿನಲ್ಲಿ ಕೂತು ಪದವಿ ಮುಗಿಸಿದ. ಫೈನಲ್ ದಿನ ಆಟ ಮುಗಿಯುವವರೆಗೆ ಸರ್ ಅವನ ಪಕ್ಕವೇ ಕೂತಿದ್ದರು.

ಮುಂದಿನ ವರ್ಷ ಸಾಹುಕಾರರಿಗೆ ಕ್ರಿಕೆಟ್ ಹುಚ್ಚು ಹಿಡಿಯಿತು. ದುಡ್ಡು ಆ ಕಡೆ ಹರಿಯಿತು. ವಿನೋದ್‌ಗೆ ಬೇರೆ ಊರಿನ ಕಾಲೇಜು ಹೆಚ್ಚಿನ ಸಂಬಳಕ್ಕೆ ಕರೆಯಿತು, ಹೊಟ್ಟೆಪಾಡು, ಹೋದ. ಅವನ ಹುಡುಗರೂ ವರ್ಗಾವಣೆ ಪತ್ರ ತೆಗೆದುಕೊಂಡು ಹಿಂದೆಯೇ ಹೋದರು. ಜೂನ್‌ನಲ್ಲಿ ನೋಡಿದರೆ ನಮ್ಮಲ್ಲಿ ಹೊಸ ಹುಲ್ಲಿನ ಮೈದಾನ ಇತ್ತು, ಗಾಜಿನ ಕಪಾಟಿನಲ್ಲಿ ಕಪ್ ಇತ್ತು, ತಂಡ ಇರಲಿಲ್ಲ. ಎರಡು ವರ್ಷ ಊರ ಹುಡುಗರನ್ನು ಯಾರೂ ಕರೆದಿರಲಿಲ್ಲ, ಅವರು ಬರುವುದನ್ನೂ ಬಿಟ್ಟಿದ್ದರು.

"ಭೀಮಪ್ಪನವರನ್ನ ಕರಕೊಂಡ ಬರ್ರಿ. ಈ ಸಲ ಪೂರ್ತಿ ಕೋಚ್ ಅಂತನ ಆರ್ಡರ್ ಕೊಡೋಣು" ಎಂದು ಪ್ರಿನ್ಸಿಪಾಲರು ನನ್ನನ್ನು ಕಳಿಸಿದರು.

ಹಳೇ ಹುಬ್ಬಳ್ಳಿಯ ಅವರ ಮನೆಗೆ ಹೋದಾಗ ಸರ್ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದರು. ಬೇಸಿಗೆಯಲ್ಲಿ ಎದೆನೋವು ಬಂದು ಆಸ್ಪತ್ರೆ ಕಂಡು ಬಂದಿದ್ದರಂತೆ, ನನಗೆ ಗೊತ್ತೇ ಇರಲಿಲ್ಲ. ಅರ್ಧ ಆಗಿದ್ದರು. ಅವರ ಹೆಂಡತಿ ಶಾಂತವ್ವ ಚಹಾ, ಒಂದು ಬಟ್ಟಲು ಹುರಿದ ಶೇಂಗಾ ತಂದಿಟ್ಟು ಬಾಗಿಲ ಬಳಿ ಕೂತಳು. ನಾನು ಆರ್ಡರ್ ತೆಗೆದು ಅವರ ಕೈಗೆ ಕೊಟ್ಟೆ. ಓದಿದರು, ಮಡಚಿ ದಿಂಬಿನ ಪಕ್ಕ ಇಟ್ಟರು.

ಎರಡು ವರ್ಷದಿಂದ ಎದೆಯಲ್ಲಿ ಕೂತದ್ದು ಆಗ ಹೊರಬಿತ್ತು. "ಸರ್, ಆವತ್ತ ನಾನೂ ಸಹಿ ಮಾಡಿದ್ದೆ. ಒಂದ್ ಮಾತು ನಿಮ್ಮ ಪರವಾಗಿ ಆಡಲಿಲ್ಲ. ತಪ್ಪಾತು."

"ಗೊತ್ತೈತ್ರಿ" ಎಂದರು. "ಸಹಿ ಮಾಡಿದ್ದಕ್ಕ ನನಗ ಬ್ಯಾಸರ ಇಲ್ಲ. ವಿನೋದ್ ನನಗಿಂತ ಹೆಚ್ಚಿನಾವ. ಅವನ್ನ ತಗೊಂಡಿದ್ದು ಬರೋಬ್ಬರಿ ಐತಿ. ಆದ್ರ ಅಕ್ಕೋರ, ಒಂದ್ ಹೇಳ್ತೇನಿ. ಆವತ್ತಿನ ಇಂಟರ್ವ್ಯೂಕ್ಕ ನಾನು ಹದಿನೈದು ದಿನ ತಯಾರಿ ಮಾಡಿದ್ನಿ. ಈಕಿನ್ನ ಎದುರಿಗೆ ಕುಂಡ್ರಿಸಿಕೊಂಡು ಉತ್ತರಾ ಹೇಳಿ ಹೇಳಿ ಬಾಯಿಪಾಠ ಮಾಡಿದ್ನಿ. ನೀವು ನಾಕು ಮಂದಿ ವಯಸ್ಸು ಕೇಳಿದ್ರಿ, ಲೈಸೆನ್ಸ್ ಕೇಳಿದ್ರಿ. ಫುಟ್‌ಬಾಲ್ ಬಗ್ಗೆ ಒಂದ ಪ್ರಶ್ನಿ ಕೇಳಲಿಲ್ಲ."

ನನಗೆ ಅಳು ಬಂತು. ತಡೆದುಕೊಂಡು, "ಈಗ ಕೇಳಲೇನ್ರಿ?" ಎಂದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ದಿಂಬು ಬಿಟ್ಟು ನೆಟ್ಟಗೆ ಕೂತು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. "ಕೇಳ್ರಿ."

ನನಗೆ ಬರುವುದೇ ಅಷ್ಟು. "ಎದುರಿನ ತಂಡ ನಮಗಿಂತ ಗಟ್ಟಿ ಅದ ಅಂತ ತಿಳಕೊಳ್ರಿ. ನೀವು ಏನ್ ಮಾಡ್ತೀರಿ?"

ಸರ್ ಬಟ್ಟಲಿನ ಶೇಂಗಾ ಹಾಸಿಗೆಯ ಮೇಲೆ ಸುರಿದು ಹನ್ನೊಂದು ಕಾಳು ಈ ಕಡೆ, ಹನ್ನೊಂದು ಆ ಕಡೆ ಇಟ್ಟರು. ಹೇಳುತ್ತ ಹೋದರು. ಯಾರು ಮುಂದೆ ಬರಬೇಕು, ಯಾರು ಓಡದೆ ಸುಮ್ಮನೆ ನಿಂತು ಎದುರಾಳಿಯನ್ನು ದಣಿಸಬೇಕು, ಚೆಂಡು ಕಳೆದುಕೊಂಡ ಹುಡುಗನನ್ನು ಆ ಕ್ಷಣ ಯಾಕೆ ಬೈಯಬಾರದು. ಇದು ನನ್ನದು, ಇದು ವಿನೋದ್ ಕಲಿಸಿದ್ದು ಎಂದು ಬೇರೆ ಬೇರೆ ಮಾಡಿ ಹೇಳಿದರು. ಅರ್ಧಕ್ಕರ್ಧ ನನಗೆ ತಿಳಿಯಲಿಲ್ಲ. ತಿಳಿದವಳಂತೆ ಮತ್ತೆ ಮತ್ತೆ ಕೇಳಿದೆ. ಒಂದು ತಾಸು ಆಗಿರಬೇಕು. "ಇಷ್ಟ ಮಾತಾಡಿ ಎರಡ ತಿಂಗಳಾತ್ರಿ" ಎಂದು ಶಾಂತವ್ವ ಕಣ್ಣೊರೆಸಿಕೊಂಡಳು.

ಮುಗಿದ ಮೇಲೆ ಸರ್ ಸಂದರ್ಶನಕ್ಕೆ ಬಂದವರಂತೆಯೇ ಕೇಳಿದರು: "ನಾನು ಹೊರಗ ಕುಂಡ್ರಲೇನ್ರಿ? ನೀವು ಮಾತಾಡ್ಕೋರಿ."

"ಬ್ಯಾಡ್ರಿ ಸರ್" ಎಂದೆ. "ಎಲ್ಲಾ ಆತು."

ಜುಲೈ ಒಂದರಿಂದ ಬರುತ್ತೇನೆಂದು ಆರ್ಡರಿನ ಪ್ರತಿಗೆ ಸಹಿ ಹಾಕಿ ಕೊಟ್ಟರು. ಜೂನ್ ಕೊನೆಯ ವಾರದಲ್ಲಿ ಹೋಗಿಬಿಟ್ಟರು. ಮಣ್ಣು ಮಾಡುವ ದಿನ ಬಸು ತಾಯಿಯನ್ನು ಕರೆದುಕೊಂಡು ಗರಗದಿಂದ ಬಂದಿದ್ದ. ಆ ಹುದ್ದೆಯಲ್ಲಿ ಸರ್ ಒಂದು ದಿನವೂ ಕೆಲಸ ಮಾಡಲಿಲ್ಲ. ಕಡತ ಮುಚ್ಚಲು ಕಚೇರಿಯವರು ಆಯ್ಕೆಯ ವರದಿ ಕೇಳಿದರು. ಸಂದರ್ಶನ ನಡೆದ ಸ್ಥಳ ಎಂಬಲ್ಲಿ ಹಳೇ ಹುಬ್ಬಳ್ಳಿ ಎಂದು ಬರೆದೆ. ಷರಾ ಎಂಬಲ್ಲಿ ಬರೆದೆ: ಕೇಳಿದ ಎಲ್ಲ ಪ್ರಶ್ನೆಗಳಿಗೂ ಉತ್ತರಿಸಿದ್ದಾರೆ.